ಬೋರ್ಡಿನಲ್ಲಿ ಒಂದು ಪಾರ್ಟ್ ಬದಲಾಯ್ತು, ಮತ್ತೆ ಟೆಸ್ಟ್ ಮಾಡಿಸಬೇಕಾ?

ಬೆಳಗಾವಿಯ ಉದ್ಯಮಬಾಗದ ಒಂದು ಚಿಕ್ಕ ಶೆಡ್ಡಿನಲ್ಲಿ ನಾವು ಬೋರ್‌ವೆಲ್ ಮೋಟಾರಿನ ರಿಮೋಟ್ ಕಂಟ್ರೋಲರ್ ಮಾಡುತ್ತೇವೆ. ಒಂದು ಡಬ್ಬಿ ಮನೆಯ ಗೋಡೆಗೆ, ಇನ್ನೊಂದು ಹೊಲದ ಸ್ಟಾರ್ಟರ್ ಪಕ್ಕಕ್ಕೆ, ನಡುವೆ 865 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದರೆ ರೈತ ಬ್ಯಾಟರಿ ಹಿಡಿದು, ಕಬ್ಬಿನ ಹೊಲದಲ್ಲಿ ಹಾವು ಚೇಳಿನ ನಡುವೆ ನಡೆದು ಹೋಗೋದು ತಪ್ಪಲಿ ಅನ್ನೋದೇ ಈ ಮಾಲಿನ ಉದ್ದೇಶ. ಹಾಗಾಗಿ ಇದು ಕೈಕೊಟ್ಟರೆ ನನಗೆ ನಿದ್ದೆ ಬರುವುದಿಲ್ಲ.

ಇಂಥ ಚಿಕ್ಕ ಮಾಲು ಮಾಡುವವರಿಗೆಲ್ಲ ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಲ್ಯಾಬಿನಲ್ಲಿ ಒಮ್ಮೆ ಪಾಸ್ ಆಗಿದೆ, ರಿಪೋರ್ಟ್ ಕೈಯಲ್ಲಿದೆ. ಆಮೇಲೆ ಯಾವುದೋ ಪಾರ್ಟ್ ಸಿಗಲಿಲ್ಲ, ಬೇರೆಯದು ಹಾಕಿದೆವು. ಹಳೆಯ ರಿಪೋರ್ಟ್ ಇನ್ನೂ ನಡೆಯುತ್ತಾ? ಎಲ್ಲ ಟೆಸ್ಟನ್ನೂ ಮತ್ತೆ ಮಾಡಿಸಬೇಕಾ? ಎಲ್ಲವೂ ಬೇಕಾಗಿಲ್ಲ. ಆದರೆ ಯಾವುದು ಬೇಕು ಅನ್ನೋದನ್ನ ಬದಲಾವಣೆ ಎಷ್ಟು ದೊಡ್ಡದು ಅಂತ ನೋಡಿ ಹೇಳಬೇಡಿ, ಅದು ಸರ್ಕ್ಯೂಟಿನ ಯಾವ ದಾರಿಯಲ್ಲಿ ಕೂತಿದೆ ಅಂತ ನೋಡಿ ಹೇಳಿ. ಇನ್ನೊಂದು ಮಾತು, ಲ್ಯಾಬಿನಲ್ಲಿ ಪಾಸ್ ಆದ ಆ ಹಳೆಯ ಪೀಸನ್ನು ಯಾರು ಎಷ್ಟು ಕೇಳಿದರೂ ಮಾರಬೇಡಿ.

ಆ ಪೀಸಿನಿಂದಲೇ ಶುರು ಮಾಡೋಣ. ಲ್ಯಾಬಿನಿಂದ ವಾಪಸ್ ಬಂದ ಕೂಡಲೇ ಅದಕ್ಕೆ ಕೆಂಪು ಟೇಪ್ ಸುತ್ತಿ. ಅದರ ಮೇಲೆ ತಾರೀಖು, ಫರ್ಮ್‌ವೇರ್ ವರ್ಷನ್, ರಿಪೋರ್ಟ್ ನಂಬರ್ ಬರೆದು ಕಪಾಟಿನಲ್ಲಿ ಇಡಿ. ಅದರ ಅಡಾಪ್ಟರ್, ಆಂಟೆನಾ, ವೈರು ಎಲ್ಲವೂ ಅದರ ಜೊತೆಗೇ ಇರಲಿ. ಸರ್ಜ್ (ಲೈನಿನಲ್ಲಿ ಬರುವ ವೋಲ್ಟೇಜ್ ಹೊಡೆತ) ಮತ್ತು ಇಎಸ್‌ಡಿ (ಸ್ಥಿರ ವಿದ್ಯುತ್ತಿನ ಕಿಡಿ) ಟೆಸ್ಟಿನ ಹೊಡೆತ ತಿಂದ ಪೀಸು ಇದಕ್ಕೆ ಬೇಡ, ಅದರ ಒಳಗೆ ಏನು ಸೊರಗಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ. ಎಮಿಷನ್, ಅಂದರೆ ಮಾಲು ಹೊರಗೆ ಬಿಡುವ ರೇಡಿಯೋ ಗದ್ದಲ, ಅದನ್ನು ಅಳೆದ ಪೀಸನ್ನು ಇಡಿ. ಮುಂದೆ ಹೇಳುವ ಎಷ್ಟೋ ಕೆಲಸ ಇದರ ಮೇಲೇ ನಿಂತಿದೆ.

ನಾವು ಪೆಟ್ಟು ತಿಂದದ್ದು ಒಂದು ಎಂಒವಿಯಿಂದ. ಕರೆಂಟಿನ ಲೈನಿನಲ್ಲಿ ಸಿಡಿಲಿನ ಹೊಡೆತ ಬಂದರೆ ಅದನ್ನು ತಾನು ತಿಂದು ಬೋರ್ಡನ್ನು ಉಳಿಸುವ ನೀಲಿ ಬಿಲ್ಲೆ ಅದು. ನಮ್ಮ ಡಿಸೈನಿನಲ್ಲಿ 14 ಮಿಲಿಮೀಟರ್ ಅಗಲದ್ದು ಇತ್ತು. ಒಂದು ಸಲ ಅಂಗಡಿಯವರು "14ರದ್ದು ಖಾಲಿ ಆಗೇತ್ರಿ, 10ರದ್ದು ಒಯ್ರಿ, ವೋಲ್ಟೇಜ್ ಅದಾ ಐತಿ, ನಡೀತೈತಿ" ಅಂದರು. ವೋಲ್ಟೇಜ್ ನಿಜವಾಗಿಯೂ ಅದೇ ಇತ್ತು, ಕಾಲು ಎರಡೂ ಅದೇ ತೂತಿಗೆ ಕೂತವು, ಬೋರ್ಡ್ ಆನ್ ಆಯಿತು. ಆದರೆ 471 ಅನ್ನೋ ನಂಬರಿನ 14ರ ಬಿಲ್ಲೆ ಒಂದು ಹೊಡೆತಕ್ಕೆ ಸುಮಾರು 4500 ಆಂಪ್ ತಡೆದರೆ, 10ರದ್ದು ತಡೆಯೋದು ಸುಮಾರು 2500 ಆಂಪ್ ಮಾತ್ರ. ಮೇ ತಿಂಗಳ ಗುಡುಗು ಮಳೆ ಶುರುವಾದ ಮೇಲೆ ಬಾಗಲಕೋಟೆ ಕಡೆ ಹೋಗಿದ್ದ ಪೀಸುಗಳು ಒಂದೊಂದಾಗಿ ವಾಪಸ್ ಬಂದವು. ತೆರೆದರೆ ಬಿಲ್ಲೆ ಒಡೆದು ಎರಡು ಹೋಳು, ಪಕ್ಕದ ಟ್ರ್ಯಾಕಿಗೆಲ್ಲ ಮಸಿ. ನಮ್ಮ ಸರ್ಜ್ ರಿಪೋರ್ಟ್ ಫೈಲಿನಲ್ಲಿ ಹಾಗೇ ಇತ್ತು, ಅದು ಹೇಳುತ್ತಿದ್ದ ಮಾಲು ಮಾತ್ರ ಮಾರುಕಟ್ಟೆಯಲ್ಲಿ ಇರಲಿಲ್ಲ.

ಹಾಗಾಗಿ ಏನೇ ಬದಲಾದರೂ ಮೊದಲು ಅದು ಕೂತಿರುವ ದಾರಿ ನೋಡಿ.

230 ಅಥವಾ 415 ವೋಲ್ಟ್ ಓಡಾಡುವ ಜಾಗದಲ್ಲಿ ಏನೇ ಮುಟ್ಟಿದರೂ ಅದು ಸುರಕ್ಷತೆಯ ಮಾತು. ಫ್ಯೂಸ್, ಎಂಒವಿ, ಎಕ್ಸ್ ಮತ್ತು ವೈ ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್, ರಿಲೇ, ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋ, ಪ್ಲಾಸ್ಟಿಕ್ ಡಬ್ಬಿ, ಪಿಸಿಬಿ ಲೇಔಟ್. ಇಲ್ಲಿ ವರ್ನಿಯರ್ ತೆಗೆದುಕೊಂಡು ಕೂತುಬಿಡಿ. ಐಎಸ್ 13252 ಅನ್ನೋ ಸುರಕ್ಷತಾ ಸ್ಟ್ಯಾಂಡರ್ಡಿನ ಲೆಕ್ಕದಲ್ಲಿ 250 ವೋಲ್ಟಿಗೆ, ಸಾಧಾರಣ ಧೂಳಿನ ವಾತಾವರಣದಲ್ಲಿ, ಮಾಮೂಲಿ ಪಿಸಿಬಿಯ ಮೇಲೆ ಕರೆಂಟಿನ ಕಡೆಗೂ ಮನುಷ್ಯ ಮುಟ್ಟುವ ಕಡೆಗೂ ನಡುವೆ ಮೇಲ್ಮೈ ಮೇಲಿನ ಅಂತರ 5 ಮಿಲಿಮೀಟರ್ ಬೇಕು. 415 ವೋಲ್ಟಿಗೆ ಇನ್ನೂ ಜಾಸ್ತಿ. ಹಳೆಯ ಡಿಐಪಿ ಆಪ್ಟೋ ತೆಗೆದು ಚಿಕ್ಕ ಎಸ್‌ಎಂಡಿ ಆಪ್ಟೋ ಹಾಕಿದರೆ ಈ ಅಂತರ ನಿಮಗೆ ತಿಳಿಯದಂತೆ ಇಳಿದುಬಿಡುತ್ತದೆ. ವಿಜಯಪುರದ ಕರಿಮಣ್ಣಿನ ಧೂಳು ಡಬ್ಬಿಯೊಳಗೆ ಕೂತು, ಅದರ ಮೇಲೆ ಮಳೆಗಾಲದ ತೇವ ಬಂದರೆ ಆ ಒಂದೊಂದು ಮಿಲಿಮೀಟರಿಗೂ ಬೆಲೆ ಇದೆ. ಈ ದಾರಿಯ ಬದಲಾವಣೆಗೆ ಹೈ ವೋಲ್ಟೇಜ್ ಟೆಸ್ಟ್, ಲೀಕೇಜ್ ಟೆಸ್ಟ್ ಲ್ಯಾಬಿನಲ್ಲೇ ಆಗಲಿ. ಸರ್ಜ್ ತಡೆಯುವ ಪಾರ್ಟ್ ಆಗಿದ್ದರೆ ಸರ್ಜ್ ಟೆಸ್ಟ್ ಕೂಡ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಹೊಲದಲ್ಲಿ ಒದ್ದೆ ಕೈಯಲ್ಲಿ ಸ್ವಿಚ್ ಒತ್ತುವವರು ನಮ್ಮ ಮನೆಯವರೇ, ಅಲ್ವಾ?

ಎರಡನೆಯ ದಾರಿ ವೇಗವಾಗಿ ಆನ್ ಆಫ್ ಆಗುವ ಭಾಗಗಳದ್ದು. ಲೀನಿಯರ್ ರೆಗ್ಯುಲೇಟರ್ ಬಿಸಿ ಆಗುತ್ತೆ ಅಂತ, ವೇಗವಾಗಿ ಆನ್ ಆಫ್ ಮಾಡಿ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಹಾಕುತ್ತೇವೆ. ಕೆಲಸ ಚೆನ್ನಾಗಿ ಮಾಡುತ್ತದೆ, ಡಬ್ಬಿ ತಣ್ಣಗಿರುತ್ತದೆ. ಆದರೆ ಅದರ ಸ್ವಿಚಿಂಗ್ ಗದ್ದಲ ಅಲ್ಲಿಗೇ ನಿಲ್ಲದೆ ಅಡಾಪ್ಟರಿನ ವೈರು ಹಿಡಿದು ಹೊರಗೆ ಬರುತ್ತದೆ. ಇನ್ನೊಂದು ವಿಷಯ ನನಗೂ ಬಹಳ ದಿನ ಗೊತ್ತಿರಲಿಲ್ಲ. ದೊಡ್ಡ ಸೆರಾಮಿಕ್ ಕೆಪಾಸಿಟರ್ ಬದಲು ಅದೇ 10 ಮೈಕ್ರೋಫ್ಯಾರಡ್ ಚಿಕ್ಕ ಸೈಜಿನಲ್ಲಿ ಹಾಕಿದರೆ, 12 ವೋಲ್ಟ್ ಬಿದ್ದಾಗ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯಬಹುದು. ಪಾರ್ಟ್ ಲಿಸ್ಟಿನಲ್ಲಿ 10 ಮೈಕ್ರೋಫ್ಯಾರಡ್ ಅಂತಲೇ ಇರುತ್ತದೆ, ಗದ್ದಲ ಮಾತ್ರ ಏರಿರುತ್ತದೆ.

ಮೂರನೆಯದು ರೇಡಿಯೋ. 865 ರಿಂದ 867 ಮೆಗಾಹರ್ಟ್ಸ್‌ಗೆ 2005ರ ಅಧಿಸೂಚನೆ (2021ರಲ್ಲಿ ಈ ಪಟ್ಟಿ 868ರ ತನಕ ಹಿಗ್ಗಿತು) ಕೊಟ್ಟಿದ್ದ ಮಿತಿ 1 ವಾಟ್ ಟ್ರಾನ್ಸ್‌ಮಿಟರ್ ಪವರ್, ಆಂಟೆನಾದ ಬಲ ಸೇರಿಸಿ 4 ವಾಟ್, 200 ಕಿಲೋಹರ್ಟ್ಸ್ ಅಗಲ. ಲೋರಾ ಚಿಪ್ಪು 100 ಮಿಲಿವಾಟ್ ಆಸುಪಾಸಿನದ್ದು, ಹಾಗಾಗಿ ಪವರಿನ ಮಿತಿ ದೂರ ಇದೆ ಅನ್ನಿಸುತ್ತದೆ. ತೊಂದರೆ ಬರೋದು ಹಾರ್ಮೋನಿಕ್ಸ್‌ನಲ್ಲಿ, ಅಂದರೆ ಮೂಲ ಫ್ರೀಕ್ವೆನ್ಸಿಯ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಏಳುವ ಸಿಗ್ನಲ್‌ನಲ್ಲಿ. ಆಂಟೆನಾ ಪಕ್ಕದ ಮ್ಯಾಚಿಂಗ್ ಕಾಯಿಲ್, ಕೆಪಾಸಿಟರ್ ಕಂಪನಿ ಬದಲಾದರೆ 1730ರ ಹತ್ತಿರ, 2595ರ ಹತ್ತಿರ ಹೊಸ ಚೂಪು ಏಳಬಹುದು. ಆಂಟೆನಾ ಬದಲಾದರೂ ಹಾಗೇ. ಸಾಫ್ಟ್‌ವೇರ್ ಹುಡುಗರು ಪವರ್ ಸೆಟ್ಟಿಂಗ್ ಒಂದು ಹೆಜ್ಜೆ ಏರಿಸಿದರೂ ಅದು ಡಿಸೈನ್ ಬದಲಾವಣೆಯೇ, ಬೋರ್ಡಿಗೆ ಯಾರೂ ಕೈ ಹಚ್ಚದೇ ಇದ್ದರೂ.

ಇನ್ನು ವೈರು ಮತ್ತು ಡಬ್ಬಿ. ಸೆನ್ಸರ್ ವೈರು 1 ಮೀಟರ್ ಇದ್ದದ್ದು 3 ಮೀಟರ್ ಆಯಿತು, ತಗಡಿನ ಡಬ್ಬಿ ಹೋಗಿ ಪ್ಲಾಸ್ಟಿಕ್ ಬಂತು ಅಂದರೆ ಎಮಿಷನ್, ಇಎಸ್‌ಡಿ ಎರಡನ್ನೂ ಮತ್ತೆ ನೋಡಿ. ಬಣ್ಣ, ಸ್ಟಿಕ್ಕರ್, ಎಲ್ಇಡಿಗೆ ಸೀರೀಸಿನಲ್ಲಿ ಹಾಕಿದ ರೆಸಿಸ್ಟರ್, ಅದೇ ರೇಟಿಂಗಿನ ಬೇರೆ ಪುಶ್ ಬಟನ್, ಇವಕ್ಕೆ ಒಂದು ಸಾಲು ಬರೆದಿಟ್ಟರೆ ಸಾಕು.

ಈಗ ಬೆಂಚಿನ ಮೇಲೆ ಹೋಲಿಸುವ ಕೆಲಸ. ಹೊರಗಿನ ರೇಡಿಯೋ ಗದ್ದಲ ಬಾರದಂತೆ ಕಟ್ಟಿದ ದೊಡ್ಡ ಚೇಂಬರ್ ನಮ್ಮ ಹತ್ತಿರ ಇಲ್ಲ, ಸರಿಯಾದ ಸಂಖ್ಯೆ ಸಿಗುವುದೂ ಇಲ್ಲ. ನಮಗೆ ಬೇಕಿರುವುದು ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ. ಅದಕ್ಕೆ ಕೈಯಲ್ಲಿ ಹಿಡಿಯುವಂಥ ಚಿಕ್ಕ ಸ್ಪೆಕ್ಟ್ರಮ್ ಅನಲೈಸರ್ ಸಾಕು, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಗದ್ದಲ ಇದೆ ಅಂತ ಅದು ತೋರಿಸುತ್ತದೆ. ತೆಳು ಕೋಆಕ್ಸಿಯಲ್ ವೈರಿನ ತುದಿಯನ್ನು ಒಂದು ಸೆಂಟಿಮೀಟರಿನ ಉಂಗುರ ಮಾಡಿ ಬೆಸುಗೆ ಹಾಕಿದರೆ ಬೋರ್ಡಿನ ಮೇಲೆ ಆಡಿಸುವ ಪ್ರೋಬ್ ಆಯಿತು. ಅರ್ಧ ಭಾಗವಾಗಿ ತೆರೆಯುವ ಫೆರೈಟ್ ಕ್ಲಿಪ್ ಸಿಗುತ್ತದಲ್ಲ, ಅದಕ್ಕೆ ತೆಳು ವೈರು ಐದಾರು ಸುತ್ತು ಸುತ್ತಿ ಬಿಎನ್‌ಸಿಗೆ ಜೋಡಿಸಿದರೆ ವೈರಿನ ಕರೆಂಟ್ ನೋಡುವ ಕ್ಲಾಂಪ್ ಆಯಿತು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಕ್ಲಾಂಪೇ. ಕಾರಣ ಇದೆ. ಒಂದು ಮೀಟರ್ ವೈರಿನಲ್ಲಿ 50 ಮೆಗಾಹರ್ಟ್ಸ್ ಹತ್ತಿರ ಬರೀ 5 ಮೈಕ್ರೋಆಂಪ್ ಕಾಮನ್ ಮೋಡ್ ಕರೆಂಟ್ (ಎಲ್ಲ ಎಳೆಗಳಲ್ಲೂ ಒಂದೇ ದಿಕ್ಕಿಗೆ ಓಡುವ ಕರೆಂಟ್) ಹರಿದರೂ, ಮನೆಬಳಕೆ ಸಾಮಾನಿಗೆ ಸಿಐಎಸ್‌ಪಿಆರ್ 32 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇಟ್ಟಿರುವ ಮಿತಿ, ಅಂದರೆ 3 ಮೀಟರ್ ದೂರದಲ್ಲಿ 40 ಡೆಸಿಬೆಲ್ ಮೈಕ್ರೋವೋಲ್ಟ್ ಪ್ರತಿ ಮೀಟರ್, ಅದನ್ನು ಮುಟ್ಟಿಬಿಡುತ್ತದೆ.

ಮೊದಲು ಎರಡೂ ಪೀಸು ಆಫ್ ಮಾಡಿ ಸುತ್ತಲಿನ ಗದ್ದಲ ನೋಡಿ. ಎಫ್‌ಎಂ ಸ್ಟೇಷನ್ನು, ಪಕ್ಕದ ಶೆಡ್ಡಿನ ಸಿಎನ್‌ಸಿ ಮಷಿನ್ನು ಎಲ್ಲವೂ ಸ್ಕ್ರೀನಿನ ಮೇಲೆ ಬರುತ್ತವೆ. ನಾನು ಇದನ್ನು ರಾತ್ರಿ ಮಷಿನ್ನುಗಳು ನಿಂತ ಮೇಲೆ ಮಾಡುತ್ತೇನೆ. ಆಮೇಲೆ ಕೆಂಪು ಟೇಪಿನ ಪೀಸು ಆನ್ ಮಾಡಿ, ವೈರನ್ನು ಮರದ ಮೇಜಿನ ಮೇಲೆ ಟೇಪು ಹಚ್ಚಿ ನೇರ ಇಟ್ಟು, ಕ್ಲಾಂಪನ್ನು ಡಬ್ಬಿಯಿಂದ ಐದು ಸೆಂಟಿಮೀಟರ್ ದೂರ ಹಾಕಿ ಒಂದು ಚಿತ್ರ ಉಳಿಸಿ. ಅದೇ ವೈರು, ಅದೇ ಜಾಗ, ಅದೇ ಅಡಾಪ್ಟರಿನಲ್ಲಿ ಹೊಸ ಪೀಸಿನದ್ದೂ ಒಂದು. ಬಕ್ ಕನ್ವರ್ಟರ್ ಹಾಕಿದ ಬೋರ್ಡಿನಲ್ಲಿ ನಮಗೆ 40 ರಿಂದ 90 ಮೆಗಾಹರ್ಟ್ಸ್ ತನಕ ಸಾಲಾಗಿ ಹಲ್ಲು ಎದ್ದಂತೆ ಕಾಣಿಸಿತು, ಹಳೆಯದಕ್ಕಿಂತ 12 ಡೆಸಿಬೆಲ್ (ಡಿಬಿ) ಜಾಸ್ತಿ. ಉಂಗುರದ ಪ್ರೋಬ್ ಹಿಡಿದು ಹುಡುಕಿದರೆ ಇನ್‌ಪುಟ್ ಕೆಪಾಸಿಟರ್ ಚಿಪ್ಪಿನಿಂದ ಒಂದು ಸೆಂಟಿಮೀಟರ್ ಆಚೆ ಕೂತಿತ್ತು. ಅದನ್ನು ಚಿಪ್ಪಿನ ಕಾಲಿಗೇ ಹತ್ತಿಸಿದೆವು, ವೈರು ಬರುವ ಕಡೆ ಒಂದು ಫೆರೈಟ್ ಬೀಡ್ ಹಾಕಿದೆವು, ಹಲ್ಲು ಇಳಿದವು. ಲ್ಯಾಬಿಗೆ ಹೋಗುವ ಮುಂಚೆ ಗೊತ್ತಾಯಿತಲ್ಲ, ಅದೇ ದೊಡ್ಡ ಸಮಾಧಾನ.

ವ್ಯತ್ಯಾಸ 2-3 ಡಿಬಿ ಒಳಗಿದ್ದರೆ, ಹಳೆಯ ರಿಪೋರ್ಟಿನಲ್ಲಿ ಆ ಫ್ರೀಕ್ವೆನ್ಸಿಗೆ ಮಿತಿಯಿಂದ 6 ಡಿಬಿ ಆದರೂ ದೂರ ಇದ್ದರೆ, ನಾನು ಆ ಚಿತ್ರಗಳನ್ನು ಫೈಲಿಗೆ ಸೇರಿಸಿ ಮುಂದೆ ಹೋಗುತ್ತೇನೆ. ಇದು ನನ್ನ ಲೆಕ್ಕ, ಕಾನೂನಿನದ್ದಲ್ಲ. ಅದಕ್ಕಿಂತ ಜಾಸ್ತಿ ಇದ್ದರೆ ಲ್ಯಾಬಿಗೇ ಹೋಗಬೇಕು.

ರೇಡಿಯೋ ಅಳೆಯುವಾಗ ಒಂದು ಎಚ್ಚರಿಕೆ. ಟ್ರಾನ್ಸ್‌ಮಿಟರನ್ನು ನೇರ ಅನಲೈಸರಿಗೆ ಜೋಡಿಸಬೇಡಿ, ನಡುವೆ 30 ಡಿಬಿ ಅಟೆನ್ಯುಯೇಟರ್ ಇರಲಿ. ಇಲ್ಲದಿದ್ದರೆ ಅದರ ಇನ್‌ಪುಟ್ ಸುಟ್ಟುಹೋಗಬಹುದು. ಮೂರನೆಯ ಹಾರ್ಮೋನಿಕ್ 2595ರ ಹತ್ತಿರ ಇರುವುದರಿಂದ ನಿಮ್ಮ ಅನಲೈಸರ್ ಅಲ್ಲಿಯ ತನಕ ಹೋಗುತ್ತಾ ಅಂತಲೂ ನೋಡಿಕೊಳ್ಳಿ.

ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ರಿಲೇ) ಪಕ್ಕ ಕೂರುವ ಮಾಲಾದರೆ ಇನ್ನೊಂದು ಪರೀಕ್ಷೆ ಶೆಡ್ಡಿನಲ್ಲೇ ಮಾಡಿ. ಅದೇ ಫೇಸಿಗೆ ದೊಡ್ಡ ಕಾಂಟ್ಯಾಕ್ಟರ್ ಹಾಕಿ ನೂರು ಸಲ ಆನ್ ಆಫ್ ಮಾಡಿ. ನಿಮ್ಮ ಬೋರ್ಡ್ ಒಮ್ಮೆಯೂ ರೀಸೆಟ್ ಆಗಬಾರದು, ಮೋಟಾರು ತಾನಾಗಿ ಚಾಲೂ ಆಗಬಾರದು. ಐಇಸಿ 61000-4-4ರ ಬರ್ಸ್ಟ್ ಟೆಸ್ಟ್ ನಕಲು ಮಾಡೋದು ಇಂಥ ಕಿಡಿಯ ಗದ್ದಲವನ್ನೇ. ಕಾಯಿಲಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಎಕ್ಸ್2 ಕೆಪಾಸಿಟರಿನ ಸ್ನಬ್ಬರ್, ಅಂದರೆ ಕಿಡಿಯ ಗದ್ದಲ ತಗ್ಗಿಸುವ ಜೋಡಿ, ಹಾಕಿದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಕಾಗದದ ಕೆಲಸ ಚಿಕ್ಕದು, ಆದರೆ ಬಿಟ್ಟರೆ ಮಾಲು ನಿಲ್ಲುತ್ತದೆ. 12 ವೋಲ್ಟ್ ಅಡಾಪ್ಟರ್ ಹೊರಗಿನಿಂದ ತರುತ್ತಿದ್ದರೆ ಅದರ ಮೇಲೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಆರ್ ನಂಬರ್, ಅಂದರೆ ನೋಂದಣಿ ಸಂಖ್ಯೆ, ಇರಬೇಕು. ಆ ನಂಬರ್ ಒಂದು ಕಾರ್ಖಾನೆಗೆ, ಅದು ನೋಂದಾಯಿಸಿದ ಮಾಡೆಲ್‌ಗಳಿಗೆ ಮಾತ್ರ. ಅಡಾಪ್ಟರ್ ಬದಲಾದಾಗಲೆಲ್ಲ ಬಿಐಎಸ್ ಕೇರ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ, ಒಂದು ನಿಮಿಷದ ಕೆಲಸ. ಲಿಥಿಯಂ ಬ್ಯಾಟರಿಗೂ ಹಾಗೇ, ಅದರ ಸ್ಟ್ಯಾಂಡರ್ಡ್ ಐಎಸ್ 16046. ನಿಮ್ಮ ಮಾಲಿಗೇ ಬಿಐಎಸ್ ನೋಂದಣಿ ಇದ್ದರೆ ಟೆಸ್ಟ್ ರಿಪೋರ್ಟಿನ ಮುಖ್ಯ ಪಾರ್ಟುಗಳ ಪಟ್ಟಿ ತೆಗೆಯಿರಿ. ಆ ಪಟ್ಟಿಯಲ್ಲಿರುವುದು ಬದಲಾಗಿದ್ದರೆ ಲ್ಯಾಬಿಗೆ ಮೊದಲೇ ತಿಳಿಸಿ, ಮಾಲು ಹೊರಗೆ ಹೋದ ಮೇಲೆ ಅಲ್ಲ. ರೇಡಿಯೋಗೆ ಕೇಂದ್ರ ಸರ್ಕಾರದ ತರಂಗಾಂತರ ವಿಭಾಗ ಡಬ್ಲ್ಯೂಪಿಸಿಯ ಇಟಿಎ ಅನ್ನೋ ಒಪ್ಪಿಗೆ ಸಿಗೋದು ಮಾಡೆಲ್ ಹೆಸರಿನ ಮೇಲೆ, ಸರಳ್ ಸಂಚಾರ್ ಪೋರ್ಟಲಿನಲ್ಲಿ. ಒಳಗಿನ ರೇಡಿಯೋ ಬದಲಿಸಿ ಹಳೆಯ ಮಾಡೆಲ್ ಹೆಸರಲ್ಲೇ ಮಾರಬೇಡಿ. ಇಎಂಸಿ ರಿಪೋರ್ಟನ್ನು (ಎಮಿಷನ್, ಸರ್ಜ್, ಬರ್ಸ್ಟ್ ಥರದ ಟೆಸ್ಟುಗಳದ್ದು) ಯಾರು ಕೇಳುತ್ತಾರೆ ಅನ್ನೋದು ಮಾಲಿನ ಮೇಲೆ, ಟೆಂಡರಿನ ಮೇಲೆ ನಿಂತಿದೆ, ಆದರೆ ಯಾರೂ ಕೇಳದಿದ್ದರೂ ಮೇಲಿನ ಹೋಲಿಕೆ ಬಿಡಬೇಡಿ.

ಲ್ಯಾಬಿಗೆ ಹೋಗೋದು ನಮಗೆ ಪ್ರಯಾಣದ ಮಾತು. ಪುಣೆ ಹತ್ತಿರ, ಬೆಂಗಳೂರು ದೂರ. ಬೆಂಗಳೂರಿಗಾದರೆ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಬೇಕಾದ ಟೆಸ್ಟ್ ಆ ಲ್ಯಾಬಿನ ಎನ್‌ಎಬಿಎಲ್ ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ ಅಂತ ಮೊದಲೇ ಫೋನಿನಲ್ಲಿ ಕೇಳಿ. ಚೇಂಬರಿಗೆ ಗಂಟೆ ಲೆಕ್ಕದಲ್ಲಿ ಹಣ, ಹಾಗಾಗಿ ಅಲ್ಲಿ ಹೋಗಿ ಯೋಚಿಸೋದು ದುಬಾರಿ. ರೇಡಿಯೋ ಬಿಡದೆ ಟ್ರಾನ್ಸ್‌ಮಿಟ್ ಮಾಡುವ ಟೆಸ್ಟ್ ಫರ್ಮ್‌ವೇರ್ ಬೇರೆಯಾಗಿ ಮಾಡಿಕೊಂಡು ಹೋಗಿ. ಇಲ್ಲದಿದ್ದರೆ ಹತ್ತು ಸೆಕೆಂಡಿಗೊಮ್ಮೆ ಬರುವ ಒಂದು ಪ್ಯಾಕೆಟ್‌ಗೆ ಕಾಯುತ್ತಾ ಅರ್ಧ ದಿನ ಹೋಗುತ್ತದೆ. ರಿಲೇ ಎಳೆದು ನಿಂತ ಸ್ಥಿತಿಯೂ ಬೇಕು. ಹೊಸ ಪೀಸು ಮೂರು, ಕೆಂಪು ಟೇಪಿನ ಪೀಸು ಒಂದು, ಕಾಂಟ್ಯಾಕ್ಟರ್, ಬಲ್ಬ್ ಲೋಡ್, ಫೆರೈಟ್ ಕ್ಲಿಪ್ಪುಗಳು, ತಾಮ್ರದ ಟೇಪು, ನಾಲ್ಕಾರು ವ್ಯಾಲ್ಯೂಗಳ ಕೆಪಾಸಿಟರ್, ಬೆಸುಗೆ ಕಡ್ಡಿ ಬ್ಯಾಗಿನಲ್ಲಿ ಇರಲಿ. ಹೊಸದು ಫೇಲ್ ಆದರೆ ಹಳೆಯದನ್ನು ಅದೇ ಟರ್ನ್‌ಟೇಬಲ್ ಮೇಲೆ ಇಡಿಸಿ. ಅದೂ ಹಾಗೇ ತೋರಿಸಿದರೆ ತಪ್ಪು ನಿಮ್ಮ ಬದಲಾವಣೆಯದ್ದಲ್ಲ, ವೈರು ಇಟ್ಟ ರೀತಿ ಅಥವಾ ಅಡಾಪ್ಟರ್ ನೋಡಿ. ಅಲ್ಲಿ ಫೆರೈಟ್ ಹಾಕಿ ಪಾಸ್ ಮಾಡಿಸಿದರೆ ಆ ಫೆರೈಟ್ ಇನ್ನು ಮುಂದೆ ಪ್ರತಿ ಡಬ್ಬಿಯಲ್ಲೂ ಹೋಗಬೇಕು. ಫೋಟೋ ತೆಗೆದು, ಪಾರ್ಟ್ ನಂಬರ್ ಬರೆದುಕೊಂಡು, ಊರಿಗೆ ಬಂದ ದಿನವೇ ಲಿಸ್ಟಿಗೆ ಸೇರಿಸಿ.

ಪಾಸ್ ಆದ ಹೊಸ ಪೀಸಿಗೂ ಕೆಂಪು ಟೇಪ್ ಸುತ್ತಿ, ಹಳೆಯದನ್ನು ತೆಗೆಯಬೇಡಿ. ಸ್ಟೋರಿನ ಬಾಗಿಲಿಗೆ ಒಂದು ನೋಟ್‌ಬುಕ್ ತೂಗುಹಾಕಿ: ತಾರೀಖು, ಯಾವ ಪಾರ್ಟ್ ಹೋಗಿ ಯಾವುದು ಬಂತು, ಯಾವ ದಾರಿ, ಯಾರು ನೋಡಿದರು, ಯಾವ ಸೀರಿಯಲ್ ನಂಬರಿನಿಂದ ಶುರು. ನಮ್ಮಲ್ಲಿ ಬೋರ್ಡಿಗೆ ಪಾರ್ಟ್ ಕೂರಿಸುವ ಅಕ್ಕ ಈಗ ಹೊಸ ರೀಲು ಬಂದ ಕೂಡಲೇ ಹಳೆಯ ಬೋರ್ಡ್ ಪಕ್ಕ ಹಿಡಿದು ನೋಡುತ್ತಾರೆ. ಹೋದ ವಾರ ಒಂದು ಬಿಲ್ಲೆ ಕೈಯಲ್ಲಿ ಹಿಡಿದು ಬಂದು, "ಸರ್, ಇದು ಸಣ್ಣದು ಅನಸ್ತೈತ್ರಿ, ಬರಕೊಳ್ಳಲೇನ್ರಿ?" ಅಂತ ಕೇಳಿದರು. ವರ್ನಿಯರ್ ಹಚ್ಚಿದೆವು. 10 ಇತ್ತು. ಇಡೀ ಪೊಟ್ಟಣ ವಾಪಸ್ ಕಳಿಸಿದೆವು.