ಸಂಶ್ಲೇಷಿತ ಭಾಗಾಕಾರ: ಚಿಹ್ನೆ ಮತ್ತು ಸೊನ್ನೆಯ ಮೇಲೆ ಕಣ್ಣಿರಲಿ

ಭಾಜಕವು ಕ್ಷ − 3, ಕ್ಷ + 2 ಇಂಥ ಏಕಘಾತ ರೂಪದಲ್ಲಿದ್ದರೆ ದೀರ್ಘ ಭಾಗಾಕಾರ ಮಾಡುವ ಅಗತ್ಯವಿಲ್ಲ. ಚರಾಕ್ಷರವನ್ನು ಬದಿಗಿಟ್ಟು, ಸಹಗುಣಕಗಳನ್ನಷ್ಟೇ (ಪದಗಳಲ್ಲಿರುವ ಸಂಖ್ಯೆಗಳನ್ನು, ಚಿಹ್ನೆ ಸಮೇತ) ತೆಗೆದುಕೊಂಡು ಮೂರು ಸಾಲಿನಲ್ಲಿ ಲೆಕ್ಕ ಮುಗಿಸಬಹುದು.

3ಕ್ಷ⁴ − 10ಕ್ಷ² + 5ಕ್ಷ − 6 ಅನ್ನು ಕ್ಷ + 2ರಿಂದ ಭಾಗಿಸೋಣ.

ಪದಗಳು ಘಾತದ ಇಳಿಕೆ ಕ್ರಮದಲ್ಲಿರಲಿ. ಇಲ್ಲಿ ಕ್ಷ³ ಪದವಿಲ್ಲ. ಅದರ ಜಾಗದಲ್ಲಿ 0 ಬರೆಯಲೇಬೇಕು. ನಾಲ್ಕನೇ ಘಾತವೆಂದರೆ ಐದು ಸಹಗುಣಕಗಳು, ಎಣಿಸಿಯೇ ಮುಂದೆ ಹೋಗಿ. ನಂತರ ಭಾಜಕವನ್ನು ಸೊನ್ನೆಗೆ ಸಮೀಕರಿಸಿ: ಕ್ಷ + 2 = 0, ಅಂದರೆ ಕ್ಷ = −2. ಈ −2 ಎಡಗಡೆಗೆ.

−2 | 3, 0, −10, 5, −6
ಗುಣಲಬ್ಧ | –, −6, 12, −4, −2
ಮೊತ್ತ | 3, −6, 2, 1, −8

ಮೊದಲ 3 ಅನ್ನು ಹಾಗೆಯೇ ಕೆಳಗಿಳಿಸಿ. ಅದನ್ನು −2ರಿಂದ ಗುಣಿಸಿದರೆ −6. ಮುಂದಿನ 0ಯ ಕೆಳಗೆ ಬರೆದು ಕೂಡಿಸಿ. ಬಂದ −6 ಅನ್ನು ಮತ್ತೆ −2ರಿಂದ ಗುಣಿಸಿದರೆ 12. −10ರ ಜೊತೆ ಕೂಡಿದರೆ 2. ಕೊನೆಯವರೆಗೂ ಇಷ್ಟೇ ಕೆಲಸ. ಕೊನೆಯ −8 ಶೇಷ. ಉಳಿದವು ಭಾಗಲಬ್ಧದ ಸಹಗುಣಕಗಳು. ಘಾತ ಒಂದು ಕಡಿಮೆಯಾಗುವುದರಿಂದ ಭಾಗಲಬ್ಧ 3ಕ್ಷ³ − 6ಕ್ಷ² + 2ಕ್ಷ + 1.

ಹೆಚ್ಚಿನ ತಪ್ಪುಗಳು ನಡೆಯುವುದು ಚಿಹ್ನೆಯಲ್ಲಿ. ದೀರ್ಘ ಭಾಗಾಕಾರದಲ್ಲಿ +2 ಇಟ್ಟುಕೊಂಡು ಪ್ರತಿ ಹೆಜ್ಜೆಯಲ್ಲೂ ಕಳೆಯುತ್ತೇವೆ. ಇಲ್ಲಿ ಚಿಹ್ನೆಯನ್ನು ಮೊದಲೇ ಬದಲಿಸಿರುವುದರಿಂದ ಕೂಡಿಸುವುದೊಂದೇ ಉಳಿಯುತ್ತದೆ. −2 ಇಟ್ಟುಕೊಂಡು ಕಳೆಯಲು ಹೋದರೆ ಲೆಕ್ಕ ಕೆಟ್ಟಿತು. +2 ಇಟ್ಟುಕೊಂಡು ಕೂಡಿಸಿದರೆ ಶೇಷ 12 ಬರುತ್ತದೆ. ಅದು ಕ್ಷ − 2ರಿಂದ ಭಾಗಿಸಿದಾಗಿನ ಶೇಷ. 0 ಬಿಟ್ಟುಹೋದರೆ ಶೇಷ −80. ಆಗ ನೀವು ಭಾಗಿಸಿದ್ದು 3ಕ್ಷ³ − 10ಕ್ಷ² + 5ಕ್ಷ − 6 ಎಂಬ ಬೇರೆಯೇ ಬಹುಪದೋಕ್ತಿಯನ್ನು.

ತಾಳೆ ನೋಡಲು ಶೇಷ ಪ್ರಮೇಯವಿದೆ: ಭಾಜಕವನ್ನು ಸೊನ್ನೆ ಮಾಡುವ ಬೆಲೆಯನ್ನು ಬಹುಪದೋಕ್ತಿಯಲ್ಲಿ ಹಾಕಿದರೆ ಬರುವುದೇ ಶೇಷ. ಕ್ಷ = −2 ಆದೇಶಿಸಿ: 48 − 40 − 10 − 6 = −8. ಶೇಷದೊಂದಿಗೆ ಹೊಂದಿತು. ಇದು ಕಾಕತಾಳೀಯವಲ್ಲ. ಗುಣಿಸು, ಕೂಡಿಸು ಎಂಬ ಈ ಸರಪಳಿಯೇ (((3ಕ್ಷ + 0)ಕ್ಷ − 10)ಕ್ಷ + 5)ಕ್ಷ − 6 ಎಂಬುದರ ಬೆಲೆಯನ್ನು ಒಳಗಿನಿಂದ ಹೊರಗೆ ಲೆಕ್ಕ ಹಾಕುತ್ತದೆ. ಹಾರ್ನರ್ ವಿಧಾನ ಎನ್ನುವುದೂ ಇದನ್ನೇ. ಆದರೆ ಈ ತಾಳೆ ಶೇಷಕ್ಕೆ ಮಾತ್ರ. ಭಾಗಲಬ್ಧದ ಬಗ್ಗೆ ಅನುಮಾನವಿದ್ದರೆ ಅದನ್ನು ಭಾಜಕದಿಂದ ಗುಣಿಸಿ, ಶೇಷ ಕೂಡಿಸಿ ನೋಡಿ.

ಭಾಜಕ 2ಕ್ಷ − 1 ಆಗಿದ್ದರೆ? ಎಡಗಡೆ ½ ಇಡಿ. 4ಕ್ಷ³ − 8ಕ್ಷ² + 5ಕ್ಷ + 3ಕ್ಕೆ ಕೆಳಸಾಲು 4, −6, 2, 4 ಬರುತ್ತದೆ. ಆದರೆ ಇದು ಕ್ಷ − ½ರಿಂದ ಭಾಗಿಸಿದ ಫಲ. ಭಾಜಕ ಅದರ ಎರಡರಷ್ಟಿರುವುದರಿಂದ ಭಾಗಲಬ್ಧವನ್ನು 2ರಿಂದ ಭಾಗಿಸಬೇಕು: 2ಕ್ಷ² − 3ಕ್ಷ + 1. ಶೇಷ 4 ಮಾತ್ರ ಬದಲಾಗದು; ಅದನ್ನೂ ಅರ್ಧ ಮಾಡಿಬಿಡುವವರು ಬಹಳ.

ಭಾಜಕ ಕ್ಷ² + 1ರಂತೆ ವರ್ಗದ್ದಾದರೆ ಈ ಮೂರು ಸಾಲಿನ ವಿಧಾನ ನೇರವಾಗಿ ಒದಗದು. ಅಲ್ಲಿ ದೀರ್ಘ ಭಾಗಾಕಾರವನ್ನೇ ಮಾಡಿ.