ಮಾನಿಟರಿಂಗ್ ಡಬ್ಬಿಯ ಪೆನ್‌ಡ್ರೈವ್ ಕೈಕೊಟ್ಟಾಗ

ನೆಟ್‌ವರ್ಕ್ ಮೇಲೆ ಕಣ್ಣಿಡಲು ನಾನು ದೊಡ್ಡ ಸರ್ವರ್ ಇಟ್ಟುಕೊಂಡಿಲ್ಲ. ಸ್ವಿಚ್ ಪಕ್ಕದಲ್ಲಿ ಕೂರುವ ಅಂಗೈಯಗಲದ ಡಬ್ಬಿಗಳೇ ಸಾಕು. ಕೆಲವು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಕೆಲವು ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಹಾಕಿದ ಹಳೇ ರೂಟರ್. ಪಿಂಗ್ ಮಾಡುವುದು, ಸ್ವಿಚ್‌ಗಳ ಸ್ಥಿತಿ ಕೇಳುವ ಎಸ್‌ಎನ್‌ಎಂಪಿ ವಿಧಾನದಲ್ಲಿ ಪೋರ್ಟ್‌ಗಳ ಟ್ರಾಫಿಕ್ ಕೇಳುವುದು, ಉಪಕರಣಗಳು ಕಳಿಸುವ ಸಿಸ್‌ಲಾಗ್ ಸಾಲುಗಳನ್ನು ಸೇರಿಸುವುದು, ಗ್ರಾಫ್ ಬಿಡಿಸುವುದು ಇವುಗಳ ಕೆಲಸ. ಹಳೇ ರೂಟರ್‌ಗಳ ಒಳಗಿನ ಫ್ಲ್ಯಾಶ್ ಎಷ್ಟೋ ಸಲ 8 ಅಥವಾ 16 ಎಂಬಿ ಅಷ್ಟೇ ಇರುತ್ತದೆ. ಹಾಗಾಗಿ ಡೇಟಾ ಇಡಲು ಪೆನ್‌ಡ್ರೈವ್ ಚುಚ್ಚಲೇಬೇಕು. ಇಡೀ ಡಬ್ಬಿಯಲ್ಲಿ ಮೊದಲು ಕೈಕೊಡುವುದೂ ಅದೇ.

ಪೆನ್‌ಡ್ರೈವ್ ಒಂದೇಟಿಗೆ ಸಾಯುವುದು ಕಡಿಮೆ. ವೆಬ್ ಪುಟ ತೆರೆಯುತ್ತದೆ, ಪಿಂಗ್ ಹೋಗುತ್ತದೆ, ಆದರೆ ಗ್ರಾಫ್ ಮಾತ್ರ ನಿನ್ನೆ ರಾತ್ರಿಗೇ ನಿಂತಿರುತ್ತದೆ. ಹೆಚ್ಚಾಗಿ ಕರ್ನಲ್ (ಲಿನಕ್ಸ್‌ನ ತಿರುಳು) ಫೈಲ್‌ಸಿಸ್ಟಮ್ಮನ್ನು ರೀಡ್-ಓನ್ಲಿ, ಅಂದರೆ ಓದಲು ಮಾತ್ರ, ಮಾಡಿರುತ್ತದೆ. ಇದು ಒಳ್ಳೆಯ ಸಾವು, ಕನಿಷ್ಠ ಗೊತ್ತಾದರೂ ಆಗುತ್ತದೆ.

ಕೆಟ್ಟದ್ದು ಇನ್ನೊಂದಿದೆ. ಡ್ರೈವ್ ಒಳಗಿನ ಕಂಟ್ರೋಲರ್‌ಗೆ ಬದಲಿ ಬ್ಲಾಕ್‌ಗಳು ಮುಗಿದಾಗ, ಕೆಲವು ಡ್ರೈವ್‌ಗಳು ಬರೆಯುವುದನ್ನೇ ನಿಲ್ಲಿಸಿ, ಬರೆದೆ ಅಂತ ಸುಳ್ಳು ಹೇಳುತ್ತವೆ. ಕಾನ್ಫಿಗ್ ಫೈಲ್ ತಿದ್ದಿ ಸೇವ್ ಮಾಡಿದರೆ ಎರರ್ ಇಲ್ಲ. ತೆರೆದು ನೋಡಿದರೆ ತಿದ್ದಿದ್ದೇ ಕಾಣುತ್ತದೆ, ಯಾಕಂದ್ರೆ ಅದು ರ‍್ಯಾಮ್‌ನಲ್ಲಿರುವ ಕ್ಯಾಶ್. ರೀಬೂಟ್ ಆದ ಮೇಲೆ ಹಳೆಯದೇ ವಾಪಸ್! ಫೈಲ್‌ಸಿಸ್ಟಮ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಓಡಿಸಿದರೆ ತಪ್ಪುಗಳನ್ನು ಸರಿಪಡಿಸಿದೆ ಅನ್ನುತ್ತದೆ. ಡ್ರೈವ್ ಕಿತ್ತು ಮತ್ತೆ ಚುಚ್ಚಿ ಓಡಿಸಿ ನೋಡಿ, ಅದೇ ಇನೋಡ್ (ಫೈಲ್‌ನ ವಿವರ ಇರುವ ದಾಖಲೆ) ನಂಬರ್, ಅದೇ ತಪ್ಪು, ಅದೇ ಸಾಲು. ಇದನ್ನು ಕಂಡ ಮೇಲೆ ಆ ಡ್ರೈವ್ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ನನ್ನ ಪರೀಕ್ಷೆ ಸರಳ: ಒಂದು ಫೈಲ್ ಬರೆದು, ಎಂಡಿ5 ಮೊತ್ತ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟುಕೊಂಡು, ಕ್ಯಾಶ್‌ನಲ್ಲಿರುವುದನ್ನು ಡ್ರೈವ್‌ಗೆ ತಳ್ಳುವ ಸಿಂಕ್ ಕೊಟ್ಟು, ಅನ್‌ಮೌಂಟ್ ಮಾಡಿ, ಕಿತ್ತು ಚುಚ್ಚಿ, ಮತ್ತೆ ಮೊತ್ತ ನೋಡುವುದು.

ಆದರೆ ಎರರ್ ಬಂದ ಕೂಡಲೇ ಪೆನ್‌ಡ್ರೈವ್ ಮೇಲೆ ಗೂಬೆ ಕೂರಿಸಬೇಡಿ. ನಾನು ಮೊದಲು ನೋಡುವುದು ಕರ್ನಲ್ ಲಾಗ್. ಅಲ್ಲಿ ಯುಎಸ್‌ಬಿ ರಿಸೆಟ್, ಡಿಸ್‌ಕನೆಕ್ಟ್ ಎಂಬ ಸಾಲುಗಳೇ ಜಾಸ್ತಿ ಇದ್ದರೆ ಅನುಮಾನ ಕರೆಂಟ್, ಕೇಬಲ್, ಪೋರ್ಟ್ ಮೇಲೆ ಹೋಗಬೇಕು. ಮೀಡಿಯಂ ಎರರ್ ಅಂತ ಬಂದು, ಪ್ರತಿ ಸಲ ಅದೇ ಸೆಕ್ಟರ್ ನಂಬರ್ ತೋರಿಸಿದರೆ ಡ್ರೈವ್‌ನದ್ದೇ ತಪ್ಪು.

ಪೈ ಬೋರ್ಡ್‌ನಲ್ಲಿ ಕರೆಂಟ್ ಕೊರತೆ ಹಿಡಿಯುವುದು ಸುಲಭ. ವೋಲ್ಟೇಜ್ ಸುಮಾರು 4.63 ವೋಲ್ಟ್‌ಗಿಂತ ಕೆಳಗೆ ಇಳಿದರೆ ಬೋರ್ಡ್ ಅದನ್ನು ದಾಖಲಿಸುತ್ತದೆ. ವಿಸಿಜೆನ್‌ಸಿಎಂಡಿ ಕಮಾಂಡ್‌ನಲ್ಲಿ ಗೆಟ್ ಥ್ರಾಟಲ್ಡ್ ಕೇಳಿದಾಗ 0x0 ಬಂದರೆ ಸರಿ. 0x50000 ಬಂದರೆ ಬೂಟ್ ಆದಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದಿತ್ತು, 0x50005 ಬಂದರೆ ಈಗಲೂ ಬಿದ್ದಿದೆ. ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಪೋರ್ಟ್‌ಗೆ ಸೇರಿ ಸಿಗುವುದು 1.2 ಆಂಪಿಯರ್. ಪೆನ್‌ಡ್ರೈವ್ ಒಂದೇ ಇದ್ದರೆ ಧಾರಾಳ. ಪಕ್ಕದಲ್ಲಿ 4ಜಿ ಡಾಂಗಲ್ ಇದ್ದು, ಅದು ಸಿಗ್ನಲ್‌ಗಾಗಿ ಒದ್ದಾಡುವಾಗ ಕಥೆ ಬೇರೆ. ಫೋನ್ ಚಾರ್ಜರ್ ತೆಗೆದು ಸರಿಯಾದ ಅಡಾಪ್ಟರ್ ಹಾಕಿದ ಮೇಲೆ ಸತ್ತೇಹೋಗಿದೆ ಅಂದುಕೊಂಡ ಡ್ರೈವ್ ಎಷ್ಟೋ ಸಲ ಎದ್ದು ಕೂರುತ್ತದೆ.

ಬಿಸಿಯೂ ಒಂದು ಕಾರಣ. ಗಾಳಿಯಾಡದ ರ‍್ಯಾಕ್‌ನಲ್ಲಿ ಯುಎಸ್‌ಬಿ 3 ಡ್ರೈವ್‌ಗಳು ಮುಟ್ಟಲಾಗದಷ್ಟು ಕಾಯುತ್ತವೆ. ಗೇಣುದ್ದದ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಬ್ಬಿಯಿಂದ ದೂರ ಇಟ್ಟರೆ ಸ್ವಲ್ಪ ತಣ್ಣಗಿರುತ್ತದೆ. ಯುಎಸ್‌ಬಿ 3 ಸಿಗ್ನಲ್ 2.4 ಗಿಗಾಹರ್ಟ್ಸ್ ವೈಫೈಗೆ ತೊಂದರೆ ಕೊಡುವುದೂ ಇದರಿಂದ ಕಡಿಮೆಯಾಗುತ್ತದೆ.

ರಿಸೆಟ್ ಆದಾಗ ಇನ್ನೊಂದು ಎಡವಟ್ಟು ಆಗುತ್ತದೆ. ಎಸ್‌ಡಿಎ ಎಂಬ ಹೆಸರಲ್ಲಿದ್ದ ಡ್ರೈವ್ ವಾಪಸ್ ಬರುವಾಗ ಎಸ್‌ಡಿಬಿ ಎಂಬ ಹೆಸರಲ್ಲಿ ಬರಬಹುದು. ಅದಕ್ಕೇ ಯಾವ ಡ್ರೈವ್ ಎಲ್ಲಿ ಮೌಂಟ್ ಆಗಬೇಕು ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹೆಸರಿನ ಬದಲು ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಬರೆಯುತ್ತೇನೆ, ಜೊತೆಗೆ ನೋಫೇಲ್ ಆಯ್ಕೆ, ಡ್ರೈವ್ ಇಲ್ಲದಿದ್ದರೂ ಡಬ್ಬಿ ಬೂಟ್ ಆಗಲಿ ಅಂತ. ಆದರೆ ನೋಫೇಲ್‌ನಿಂದ ಹೊಸ ತಲೆನೋವು: ಡ್ರೈವ್ ಮೌಂಟ್ ಆಗದಿದ್ದರೆ ಡೇಟಾ ಎಲ್ಲ ಆ ಖಾಲಿ ಫೋಲ್ಡರ್‌ಗೆ, ಅಂದರೆ ಸಿಸ್ಟಮ್ ಇರುವ ಕಾರ್ಡ್‌ಗೆ ಬಿದ್ದು ಅದೂ ತುಂಬುತ್ತದೆ. ಮೌಂಟ್ ಮಾಡುವ ಮುಂಚೆಯೇ ಆ ಖಾಲಿ ಫೋಲ್ಡರ್‌ಗೆ ಚಾಟ್‌ಟ್ರ್ ಕಮಾಂಡ್‌ನಲ್ಲಿ ಪ್ಲಸ್ ಐ ಕೊಟ್ಟುಬಿಡಿ. ಡ್ರೈವ್ ಇಲ್ಲದಾಗ ರೂಟ್ ಎಂಬ ಯಜಮಾನ ಖಾತೆಗೂ ಅಲ್ಲಿ ಬರೆಯಲಾಗುವುದಿಲ್ಲ.

ಡ್ರೈವ್‌ನದ್ದೇ ತಪ್ಪು ಅಂತ ಖಾತ್ರಿಯಾದರೆ ಮೊದಲು ಡೇಟಾ ಹೊರಗೆ ತೆಗೆಯಬೇಕು. ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಬಳಸಿ, ಎಲ್ಲಿಯವರೆಗೆ ಓದಿದೆ ಎಂದು ಗುರುತಿಡುವ ಮ್ಯಾಪ್ ಫೈಲ್ ಸಮೇತ ಇಮೇಜ್ (ಡ್ರೈವ್‌ನ ಪೂರ್ತಿ ನಕಲು) ತೆಗೆದು, ಎಫ್‌ಎಸ್‌ಸಿಕೆ ಓಡಿಸುವುದು ಆ ಇಮೇಜ್‌ನ ಪ್ರತಿಯ ಮೇಲೆ. ಸಾಯುತ್ತಿರುವ ಡ್ರೈವ್ ಮೇಲೆ ರಿಪೇರಿ ಮಾಡಿದರೆ ಉಳಿದದ್ದೂ ಹೋಗುತ್ತದೆ. ಡ್ರೈವ್ ತನ್ನ ಆರೋಗ್ಯವನ್ನು ತಾನೇ ಹೇಳುವ ಸ್ಮಾರ್ಟ್ ವರದಿ ನೋಡೋಣ ಅಂದರೆ ಹೆಚ್ಚಿನ ಪೆನ್‌ಡ್ರೈವ್‌ಗಳು ಅದನ್ನು ಕೊಡುವುದೇ ಇಲ್ಲ. ಹೊಸ ಡ್ರೈವ್ ಬಂದಾಗ ಎಫ್3 ಎಂಬ ಸಾಧನದಿಂದ ಪೂರ್ತಿ ತುಂಬಿಸಿ ಓದಿ ನೋಡುತ್ತೇನೆ. 64 ಜಿಬಿ ಅಂತ ಹೇಳಿಕೊಂಡು ಒಳಗೆ 8 ಜಿಬಿ ಇರುವ ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಇನ್ನು ಮೂಲಕ್ಕೆ ಬರೋಣ. ಡ್ರೈವ್ ಬದಲಿಸಿ ಸುಮ್ನೆ ಕೂತರೆ ಹೊಸದೂ ಅದೇ ದಾರಿ ಹಿಡಿಯುತ್ತದೆ, ಯಾಕಂದ್ರೆ ಅದನ್ನು ಕೊಲ್ಲುತ್ತಿರುವುದು ನಮ್ಮ ಬರವಣಿಗೆ. 200 ಪೋರ್ಟ್‌ಗಳನ್ನು ನಿಮಿಷಕ್ಕೊಮ್ಮೆ ಕೇಳುವ ಡಬ್ಬಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 1,440 ನಿಮಿಷ, ಅಂದರೆ ಗ್ರಾಫ್‌ನ ಅಂಕಿಗಳಿರುವ ಆರ್‌ಆರ್‌ಡಿ ಫೈಲ್‌ಗಳಿಗೆ 2,88,000 ಅಪ್‌ಡೇಟ್. ಒಂದೊಂದರಲ್ಲಿ ಬದಲಾಗುವುದು ಕೆಲವೇ ಬೈಟ್, ಆದರೆ ಡಿಸ್ಕ್‌ಗೆ ಹೋಗುವುದು ಕನಿಷ್ಠ 4 ಕೆಬಿ. ಅಲ್ಲಿಗೇ ದಿನಕ್ಕೆ 1 ಜಿಬಿ ದಾಟಿತು. ಫ್ಲ್ಯಾಶ್ ಒಳಗೆ ಇನ್ನೂ ಕಷ್ಟ. ಅಳಿಸುವುದು ಬ್ಲಾಕ್ ಲೆಕ್ಕದಲ್ಲಿ, ಆ ಬ್ಲಾಕ್ ಹಲವು ಎಂಬಿ ಇರಬಹುದು. ಒಂದು ಅಕ್ಷರ ತಿದ್ದಲು ಇಡೀ ಸ್ಲೇಟು ಒರೆಸಿ ಮತ್ತೆ ಬರೆದಂತೆ. ಅಗ್ಗದ ಡ್ರೈವ್‌ನ ಕಂಟ್ರೋಲರ್ ಇದನ್ನು ಜಾಣತನದಿಂದ ಮಾಡುವುದಿಲ್ಲ. ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಫ್ಲ್ಯಾಶ್ ಸಾಮಾನ್ಯವಾಗಿ ಒಂದರಿಂದ ಮೂರು ಸಾವಿರ ಸಲ ಅಳಿಸುವುದನ್ನು ತಡೆಯುತ್ತದೆ, ಅಷ್ಟೇ.

ನಿಮ್ಮ ಡಬ್ಬಿ ಎಷ್ಟು ಬರೆಯುತ್ತಿದೆ ಅಂತ ಊಹಿಸಬೇಕಿಲ್ಲ. ಪ್ರಾಕ್ ಫೋಲ್ಡರ್ ಒಳಗಿನ ಡಿಸ್ಕ್‌ಸ್ಟ್ಯಾಟ್ಸ್ ಫೈಲ್‌ನಲ್ಲಿ ಡ್ರೈವ್‌ನ ಸಾಲು ಹುಡುಕಿ, ಹತ್ತನೇ ಅಂಕಣ ನೋಡಿ. ಅದು ಬರೆದ ಸೆಕ್ಟರ್‌ಗಳ ಸಂಖ್ಯೆ, 512ರಿಂದ ಗುಣಿಸಿದರೆ ಬೈಟ್. ಇವತ್ತು ಒಮ್ಮೆ, ನಾಳೆ ಅದೇ ಹೊತ್ತಿಗೆ ಒಮ್ಮೆ ನೋಡಿದರೆ ಸಾಕು. ಯಾವ ಪ್ರೋಗ್ರಾಂ ಬರೆಯುತ್ತಿದೆ ಅನ್ನುವುದನ್ನು ಐಒಟಾಪ್ ಕಮಾಂಡ್ ಹೇಳುತ್ತದೆ.

ನನ್ನ ಡಬ್ಬಿಗಳಲ್ಲಿ ದೊಡ್ಡ ಬದಲಾವಣೆ ತಂದದ್ದು ಆರ್‌ಆರ್‌ಡಿಕ್ಯಾಶ್‌ಡಿ ಎಂಬ ಪ್ರೋಗ್ರಾಂ. ಅಪ್‌ಡೇಟ್‌ಗಳನ್ನು ರ‍್ಯಾಮ್‌ನಲ್ಲಿ ಸೇರಿಸಿಟ್ಟುಕೊಂಡು ಗಂಟೆಗೊಮ್ಮೆ ಬರೆಯಲು ಹೇಳಿದ್ದೇನೆ. ಒಂದು ಫೈಲ್‌ಗೆ ಅರವತ್ತು ಸಲ ಬರೆಯುವ ಕಡೆ ಒಂದು ಸಲ. ಕರೆಂಟ್ ಹೋದರೆ ಒಂದು ಗಂಟೆಯ ಗ್ರಾಫ್ ಹೋಗುತ್ತದೆ, ಹೋಗಲಿ ಬಿಡಿ. ಸಿಸ್‌ಲಾಗ್ ವಿಷಯದಲ್ಲಿ ಹಾಗೆ ಅನ್ನಲಾಗುವುದಿಲ್ಲ, ಕರೆಂಟ್ ಹೋಗುವ ಮುಂಚಿನ ಸಾಲುಗಳೇ ಅಲ್ವಾ ನಮಗೆ ಬೇಕಾದದ್ದು? ಅದನ್ನು ನೆಟ್‌ವರ್ಕ್ ಮೂಲಕ ಬೇರೆ ಯಂತ್ರಕ್ಕೆ ಕಳಿಸುತ್ತೇನೆ. ಡಬ್ಬಿಯ ಸ್ವಂತ ಲಾಗ್ (ಜರ್ನಲ್) ರ‍್ಯಾಮ್‌ನಲ್ಲಿ, ರ‍್ಯಾಮ್ ಸಾಲದಾಗ ಡಿಸ್ಕ್ ಬಳಸುವ ಸ್ವಾಪ್ ಬಂದ್, ಫೈಲ್ ಓದಿದಾಗಲೆಲ್ಲ ಸಮಯ ಬರೆಯದಿರಲು ಮೌಂಟ್‌ಗೆ ನೋಏಟೈಮ್. ಡ್ರೈವ್‌ನ ಈಎಕ್ಸ್‌ಟಿ4 ಫೈಲ್‌ಸಿಸ್ಟಮ್‌ಗೂ ಒಂದು ಜರ್ನಲ್ ಇದೆ, ಬರೆಯುವ ಮುಂಚೆ ಬದಲಾವಣೆ ಗುರುತಿಡುವ ಪುಸ್ತಕ; ಅದನ್ನು ತೆಗೆದುಬಿಡಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಪದೇ ಪದೇ ಕರೆಂಟ್ ಹೋಗುವ ಕಡೆ ಕೂತಿರುವ ಡಬ್ಬಿಗೆ ಅದು ಬೇಡ, ಬರವಣಿಗೆ ಉಳಿಸಲು ಹೋಗಿ ಫೈಲ್‌ಸಿಸ್ಟಮ್ಮೇ ಕೆಡಬಹುದು.

ಹೊಸದಾಗಿ ಕಟ್ಟುವ ಡಬ್ಬಿಗಳಿಗೆ ಪೆನ್‌ಡ್ರೈವ್ ಬದಲು ಚಿಕ್ಕ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಅಡಾಪ್ಟರ್‌ನಲ್ಲಿ ಹಾಕುತ್ತಿದ್ದೇನೆ. ಬಹಳಷ್ಟು ಅಡಾಪ್ಟರ್‌ಗಳಲ್ಲಿ ಸ್ಮಾರ್ಟ್ ವರದಿಯೂ ಸಿಗುತ್ತದೆ. ಕೆಲವು ಯುಎಎಸ್ ಎಂಬ ವೇಗದ ಯುಎಸ್‌ಬಿ ಮೋಡ್‌ನಲ್ಲಿ ತಕರಾರು ಮಾಡುತ್ತವೆ, ಆಗ ಕರ್ನಲ್ ಕಮಾಂಡ್ ಸಾಲಿನಲ್ಲಿ ಕ್ವರ್ಕ್ ಎಂಬ ಸೂಚನೆ ಹಾಕಿ ಆ ಮೋಡ್ ನಿಲ್ಲಿಸಬೇಕು.

ಹಳೇ ಡಬ್ಬಿಗಳಲ್ಲಿ ಪೆನ್‌ಡ್ರೈವ್ ಹಾಗೇ ಇದೆ, ಆದರೆ ಪಕ್ಕದ ಡಬ್ಬಿ ಅದನ್ನು ಕಾಯುತ್ತದೆ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಐದು ನಿಮಿಷಕ್ಕೊಮ್ಮೆ ಆ ಡಬ್ಬಿಗೆ ಎರಡು ವಿಷಯ ಕಳಿಸುತ್ತದೆ: ಮೌಂಟ್ ರೀಡ್-ಓನ್ಲಿ ಆಗಿದೆಯಾ, ಮತ್ತು ಕರ್ನಲ್ ತನ್ನ ಮಾಹಿತಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಈಎಕ್ಸ್‌ಟಿ4ನ ಎರರ್ಸ್ ಕೌಂಟ್ (ತಪ್ಪುಗಳ ಎಣಿಕೆ) ಎಷ್ಟು. ಆ ಎಣಿಕೆ ಸೊನ್ನೆ ಬಿಟ್ಟು ಮೇಲೆದ್ದರೆ ಅಡಾಪ್ಟರ್ ನೋಡುತ್ತೇನೆ, ಅದು ಸರಿ ಇದ್ದರೆ ಗ್ರಾಫ್ ನಿಲ್ಲುವ ಮುಂಚೆಯೇ ಡ್ರೈವ್ ಬದಲಾಯಿಸಿಬಿಡುತ್ತೇನೆ.