ಹುಡುಗರು ಬಾಯಿ ಬಿಟ್ಟಿದ್ದು ಸೈಕಲ್ ಶಾಪಿನಲ್ಲಿ

ಮೇಸ್ತ್ರಿಗಳು (ಕೂಲಿಗೆ ಜನ ಒದಗಿಸುವವರು) ದುಡಿಯಲು ಸಾಗಿಸಿದ, ಅಲ್ಲಿ ಲೈಂಗಿಕ ಕಿರುಕುಳ ಅನುಭವಿಸಿದ ಹುಡುಗರ ಜೊತೆ ನಮ್ಮ ಕೆಲಸ. "ಗಂಡು ಹುಡುಗರು ಇಂಥದ್ದೆಲ್ಲ ಹೇಳಿಕೊಳ್ಳಲ್ಲ, ಸುಮ್ನೆ ದುಡ್ಡು ದಂಡ" ಎಂದು ಮಂಡ್ಯದಲ್ಲಿ ನನ್ನ ಜೊತೆ ಕೆಲಸ ಮಾಡುವವರೇ ಹೇಳಿದ್ದರು. ಈಗ ಅವರೇ ನಮ್ಮ ಸೈಕಲ್ ಶಾಪ್ ನೋಡಲು ಬರುತ್ತಾರೆ.

ಮೊದಲು ನಾವೂ ಕೌನ್ಸೆಲಿಂಗ್ ರೂಮನ್ನೇ ಮಾಡಿದ್ದೆವು. ಎದುರುಬದುರು ಕುರ್ಚಿ. "ಏನೂ ಆಗಿಲ್ಲ ಸಾರ್" ಎಂದು ಹುಡುಗರು ನೆಲ ನೋಡುತ್ತಾ ಕೂರುತ್ತಿದ್ದರು. ಹತ್ತಿರ ಹತ್ತಿರ ಎರಡು ವರ್ಷ ಹೀಗೇ ಹೋಯಿತು. ಆಮೇಲೆ ಕಬಡ್ಡಿ ತಂಡ ಕಟ್ಟಿದೆವು. ಅದು ಮೈ ಹಿಡಿದು ಎಳೆದಾಡುವ ಆಟ ಅಲ್ವಾ? ಯಾರಿಗಾಗಿ ಕಟ್ಟಿದ್ದೆವೋ ಅವರೇ ಎದ್ದು ಹೋದರು. ಜೆರ್ಸಿಗೆ ಹಾಕಿದ ಹತ್ತು ಸಾವಿರ ಹೋಯಿತು. ಕೇರಂ ಇಟ್ಟಾಗ ನಗು ಬಂತು, ಮಾತು ಬರಲಿಲ್ಲ.

ಕೊನೆಗೆ ಹುಡುಗರ ಜೊತೆ ಕೂತು ಸೈಕಲ್ ರಿಪೇರಿ ಮಾಡುವ ಶಾಪ್ ಇಡೋಣ ಎಂದುಕೊಂಡೆವು. ಅದಕ್ಕೆ ಹಣ ಕೇಳಿದರೆ ಯಾರೂ ಕೊಡಲಿಲ್ಲ. "ಹೆಣ್ಣುಮಕ್ಕಳ ಕೆಲಸ ಆದ್ರೆ ಕೊಡ್ತೀವಿ" ಎಂದರು. ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ, ಲೈಂಗಿಕ ಕಿರುಕುಳ ಆಗಿದೆ ಎಂದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರೇ ಇದ್ದರು. ಅದನ್ನು ತೋರಿಸಿದರೂ ಕೇಳಲಿಲ್ಲ. ಹಾಗಾಗಿ ಕೈಯಿಂದಲೇ ಹಾಕಿದೆ. ಬಾಡಿಗೆ ನಾಲ್ಕು ಸಾವಿರದ ಸುಮಾರು, ಗುಜರಿಯಿಂದ ತಂದ ಹಳೇ ಸೈಕಲ್ ಒಂದಕ್ಕೆ ಆರೇಳು ನೂರು, ಪಾನಾ, ಪಂಪು ಬೇರೆ.

ಇಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಅಕ್ಕಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುತ್ತೇವೆ. ಒಬ್ಬ ಹುಡುಗ ಟ್ಯೂಬನ್ನು ನೀರಿನ ಬೋಗುಣಿಗೆ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ಹುಡುಕುತ್ತಿದ್ದ. ಗುಳ್ಳೆ ಬಂದ ಜಾಗಕ್ಕೆ ಬೆರಳಿಟ್ಟುಕೊಂಡೇ, "ಅಣ್ಣಾ, ಅಲ್ಲಿ ಮೇಸ್ತ್ರಿ ರಾತ್ರಿ ಹೊತ್ತು ನನ್ನ ಬಿಡ್ತಿರಲಿಲ್ಲ" ಅಂದ. ನಾನು ಉಪ್ಪುಕಾಗದ ಕೊಟ್ಟೆ. ಅವನು ಟ್ಯೂಬ್ ಉಜ್ಜುತ್ತಾ ಹೇಳುತ್ತಾ ಹೋದ. ಆ ಹೊತ್ತಲ್ಲಿ ನಾನು ಕೇಳುವ ಪ್ರಶ್ನೆ ಒಂದೇ ಒಂದು. ಅದನ್ನು ಇಲ್ಲಿ ಬರೆಯಲ್ಲ. ಹುಡುಗರನ್ನು ಸಾಗಿಸುವವರೂ ಓದುತ್ತಾರೆ.

ಹದಿನೆಂಟರ ಒಳಗಿನವರಿಗೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಇದೆ, ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. 24ನೇ ಕಲಂ ಪ್ರಕಾರ ಮಗುವಿನ ಮನೆಯಲ್ಲಿ ಅಥವಾ ಮಗು ಹೇಳಿದ ಜಾಗದಲ್ಲಿ ಹೇಳಿಕೆ ಪಡೆಯಬೇಕು, ಪೊಲೀಸರು ಯೂನಿಫಾರ್ಮಲ್ಲಿ ಇರಬಾರದು. ಹಟ ಹಿಡಿದು ಆ ಹುಡುಗನ ಹೇಳಿಕೆಯನ್ನು ಶಾಪಿನಲ್ಲೇ ಬರೆಸಿದೆವು.

ಹದಿನೆಂಟು ದಾಟಿದವರದ್ದೇ ಕಷ್ಟ. ಅತ್ಯಾಚಾರದ ಕಲಂ ಮೊದಲಿನಿಂದಲೂ ಹೆಂಗಸರಿಗೆ ಮಾತ್ರ. ಗಂಡಸಿನ ಮೇಲೆ ಬಲಾತ್ಕಾರವಾದರೆ ಹಳೇ ದಂಡ ಸಂಹಿತೆಯ 377ನೇ ಕಲಂ ಹಾಕಬಹುದಿತ್ತು, 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೂ ಇಲ್ಲ. ಹಾಗಾಗಿ ನಾವು ಅದೇ ನ್ಯಾಯ ಸಂಹಿತೆಯ, ಮಾನವ ಸಾಗಣೆಯ 143ನೇ ಕಲಂ ಹಿಡಿಯುತ್ತೇವೆ. ಮುಂಗಡ ಕೊಟ್ಟು ಕೂಡಿಹಾಕಿದ್ದರೆ ಜೀತದ ಕಾಯ್ದೆಯೂ ಬರುತ್ತದೆ. ಜೀತದಿಂದ ಬಿಡಿಸಿದ್ದಕ್ಕೆ ಸರ್ಕಾರ ಕೊಡುವ ಬಿಡುಗಡೆ ಪತ್ರ ಸಿಕ್ಕು, ಜೀತ ಸಾಬೀತಾದರೆ ವಯಸ್ಕ ಗಂಡಸಿಗೆ ಪುನರ್ವಸತಿ ಹಣ ಒಂದು ಲಕ್ಷ. ಮುಂಗಡದ ಚೀಟಿ, ಫೋನ್‌ಪೇ ಸ್ಕ್ರೀನ್‌ಶಾಟ್ ಮೊದಲ ದಿನವೇ ತೆಗೆದಿಡಿ. ಆಮೇಲೆ ಸಿಗಲ್ಲ.

ಈಗ, ಹುಡುಗರನ್ನು ಮೇಸ್ತ್ರಿಗಳು ಕರೆದೊಯ್ಯುವ ಮೊದಲೇ ತಡೆಯಲು, ಬೇಸಿಗೆ ರಜೆಗೆ ಮುಂಚೆಯೇ ಹಳ್ಳಿಗಳಿಗೆ ಸೈಕಲ್ ರಿಪೇರಿ ಒಯ್ಯುತ್ತೇವೆ. ಪಂಕ್ಚರ್ ಫ್ರೀ. ಯಾವ ಮೇಸ್ತ್ರಿ ಯಾವ ಮನೆಗೆ ಮುಂಗಡ ಕೊಟ್ಟ ಎಂಬ ಸುದ್ದಿ ಅಲ್ಲೇ ಸಿಗುತ್ತದೆ. ಅವನ ಆಧಾರ್, ಫೋನ್ ನಂಬರ್ ಪಂಚಾಯಿತಿಯಲ್ಲಿ ಬರೆಸಿ ಎಂದು ತಾಯಂದಿರಿಗೆ ಹೇಳುತ್ತೇವೆ. ಅವರು ಕೇಳಿದ ಕೂಡಲೇ ನಾಲ್ಕೈದು ಮೇಸ್ತ್ರಿಗಳು ಮುಂಗಡವನ್ನೂ ವಾಪಸ್ ಕೇಳದೆ ಊರು ಬಿಟ್ಟಿದ್ದಾರೆ.